ಶೀಲಮ್ಮ ಮತ್ತು ಕವನಳ ತಪ್ಪುಗಳು

ಭಕ್ತಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕಿವಿಗೊಡಿ. ನಾನಿಂದು ಹೇಳಹೊರಟಿರುವುದು ಸಂತರ ಚರಿತ್ರೆಯಲ್ಲ, ಪವಾಡದ ಕಥೆಯೂ ಅಲ್ಲ. ನಮ್ಮ ಶಿವಮೊಗ್ಗದ ರವೀಂದ್ರನಗರದ ಭಜನಾ ಮಂದಿರದಲ್ಲಿ ಪ್ರತಿ ಶುಕ್ರವಾರ ಹಿಂದಿನ ಕಂಬಕ್ಕೆ ಒರಗಿ ಕುಳಿತು, ಎರಡನೆಯ ಭಜನೆಯ ಹೊತ್ತಿಗೆ ನಿದ್ದೆ ಹೋಗುವ ಶೀಲಮ್ಮನವರ ಕಥೆ. ಅವರಿಗೆ ಎಚ್ಚರವಾಗದಿರಲಿ ಎಂದು ತಾಳ ಹಾಕುವವರೂ ಕೈ ಹಗುರ ಮಾಡುತ್ತಾರೆ. ದಣಿದವರಿಗೆ ದೇವರ ಸನ್ನಿಧಿಯಲ್ಲಿ ಬರುವ ನಿದ್ದೆಯೂ ಒಂದು ಸೇವೆಯೇ ಎಂದು ನಾನು ನಂಬಿದ್ದೇನೆ.

ಶೀಲಮ್ಮ ಕುಂಸಿ ಕಡೆಯ ರೈತರ ಮಗಳು. ದುರ್ಗಿಗುಡಿಯ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಒಂದು ದತ್ತಿ ಸಂಸ್ಥೆಯಿದೆ. ಅಲ್ಲಿ ಅವರು ಸಂಶೋಧನಾ ಅನುದಾನಗಳನ್ನು ನೋಡಿಕೊಳ್ಳುತ್ತಾರೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಹೇಗೆ ಸುದ್ದಿ ಮುಟ್ಟಿಸುತ್ತವೆ ಎಂಬುದನ್ನು ಗಣಿತದಲ್ಲಿ ಬರೆದು, ಕಂಪ್ಯೂಟರಿನಲ್ಲಿ ಅದರ ಮಾದರಿ ಕಟ್ಟಿ ಪರೀಕ್ಷಿಸುವ ಒಂದು ವಿದ್ಯೆಯಿದೆ. ಆ ವಿದ್ಯೆಯಲ್ಲಿ ಈಗಷ್ಟೇ ಕಾಲೂರುತ್ತಿರುವ, ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ, ಕೂಲಿಕಾರರ ಮತ್ತು ಕಾರ್ಖಾನೆ ಕೆಲಸಗಾರರ ಮಕ್ಕಳಿಗೆ ಸಂಸ್ಥೆ ನೆರವಾಗುತ್ತದೆ. ಆಯ್ಕೆ ಮಾಡುವ ಸಮಿತಿಯವರು ದೂರದ ಊರುಗಳ ಪಂಡಿತರು. ಹಣ ಕೊಡುವ ಮಹನೀಯರು ಬೇರೆ. ಇವರ ನಡುವೆ ನಿಂತು ಮಕ್ಕಳನ್ನು ಆಚೆ ದಡಕ್ಕೆ ಮುಟ್ಟಿಸುವುದು ಶೀಲಮ್ಮನವರ ಕೆಲಸ. ದಾನಿಗಳು, “ಇದರಿಂದ ಯಾವ ಕಾಯಿಲೆ ವಾಸಿಯಾಗುತ್ತೆ?” ಎಂದು ವರ್ಷವರ್ಷವೂ ಕೇಳುತ್ತಾರೆ. ಶೀಲಮ್ಮ ವರ್ಷವರ್ಷವೂ ಅದೇ ಉತ್ತರ ಕೊಡುತ್ತಾರೆ. ಮಂಡಿನೋವಿನಿಂದಾಗಿ ಮಹಡಿಯ ಮೆಟ್ಟಿಲಲ್ಲಿ ಅರ್ಧಕ್ಕೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಸಾಕಾಯಿತೆಂದು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಸಾಕಾಗಿತ್ತು ಎಂಬುದಂತೂ ನಿಜ.

ಕಳೆದ ಬೇಸಿಗೆಯಲ್ಲಿ ಸಮಿತಿಯ ಅಧ್ಯಕ್ಷರಾದ ಉಮಾಮಹೇಶ್ವರ ಅವರು ಶೀಲಮ್ಮನವರಿಗೆ ಫೋನು ಮಾಡಿದರು.

“ಭದ್ರಾವತಿಯ ಆ ಕವನ ಅನ್ನೋ ಹುಡುಗಿಯ ವರದಿ ಓದಿದೆ, ಶೀಲಾ ಅವರೇ. ಪ್ರೊಫೆಸರ್ ವಿಷ್ಣುಪ್ರಸಾದರು ದಾರಿ ತೋರಿದರು, ಅವರ ಕೃಪೆಯಿಂದ ಫಲ ಬಂತು ಅಂತಲೇ ಎಲ್ಲಾ ಕಡೆ ಇದೆ. ಹಾಗಾದ್ರೆ ಕೆಲಸ ಪ್ರೊಫೆಸರರದ್ದೇ ಅಲ್ವಾ? ಇವಳು ಏನು ಮಾಡಿದ್ಲು?”

“ಮಾಡಿದಾಳೆ ಸರ್. ಹೇಳ್ಕೊಳ್ಳಕ್ಕೆ ಬರಲ್ಲ ಅಷ್ಟೆ.”

“ಸೋಮವಾರದ ಸಭೆಯಲ್ಲಿ ಅವಳೇ ಹೇಳಲಿ. ಆಗದಿದ್ರೆ ಎರಡನೇ ವರ್ಷದ ಅನುದಾನ ನಿಲ್ಲಿಸಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ.”

ಕವನ ಪಿಎಚ್‌.ಡಿ ಮುಗಿಸಿ, ಶಿವಮೊಗ್ಗದ ಕಾಲೇಜೊಂದರ ಪ್ರಯೋಗಾಲಯದಲ್ಲಿ ವಿಷ್ಣುಪ್ರಸಾದರ ಕೈಕೆಳಗೆ ಸಂಶೋಧನೆ ನಡೆಸುತ್ತಿದ್ದಳು. ಅನುದಾನ ನಿಂತರೆ ಸಂಶೋಧನೆಯೂ ನಿಲ್ಲುವುದು ಖಚಿತ. ಖಾಸಗಿ ಶಾಲೆಯೊಂದು ಗಣಿತ ಪಾಠಕ್ಕೆ ಅವಳನ್ನು ಕರೆದಿತ್ತು; ಅಲ್ಲಿಗೆ ಹೋದವಳು ಮತ್ತೆ ಈ ದಾರಿಗೆ ಮರಳುವುದು ಕಷ್ಟ. ವಿಷ್ಣುಪ್ರಸಾದರೂ ಇರುವ ಸಭೆಯಲ್ಲಿ ಮಾತಾಡಬೇಕೆಂದು ಶೀಲಮ್ಮ ತಿಳಿಸಿದಾಗ ಆಕೆ, “ಸರ್ ಮುಂದೇನೇ ಕೂತ್ಕೊಂಡು ಎಲ್ಲಾ ನಾನೇ ಮಾಡ್ದೆ ಅಂತ ಹೇಳಕ್ಕೆ ನನ್ನ ಕೈಲಾಗಲ್ಲ ಮೇಡಂ” ಎಂದು ಫೋನಿಟ್ಟಳು. ಆಮೇಲೆ ಎತ್ತಲೇ ಇಲ್ಲ.

ಶನಿವಾರ ಶೀಲಮ್ಮ ಭದ್ರಾವತಿಯ ಬಸ್ಸು ಹತ್ತಿದರು. ಹೋಗಬೇಕೆಂಬ ನಿಯಮವಿರಲಿಲ್ಲ, ಹೋಗುವ ಚೈತನ್ಯವೂ ಇರಲಿಲ್ಲ. ಕಿಟಕಿಗೆ ತಲೆಯಾನಿಸಿ, ಈ ಮಗುವಿಗೆ ಏನು ಹೇಳಲಿ ಎಂದು ಭಗವಂತನನ್ನು ಕೇಳಿದರಂತೆ. ಉತ್ತರ ಸಿಗುವ ಮೊದಲೇ ನಿದ್ದೆ ಬಂತಂತೆ.

ಕಬ್ಬಿಣದ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲಿ ಕವನಳ ಮನೆ. ತಂದೆ ಧರ್ಮಪ್ಪ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ತಾಯಿ ಬಂಗಾರಮ್ಮ ಮಂಡಕ್ಕಿ ಒಗ್ಗರಣೆಯ ತಟ್ಟೆ ತಂದಿಟ್ಟರು.

“ತಿನ್ನಿ ಮೇಡಂನೋರೆ. ನಮ್ಮ ಕವನ ನಿಮ್ಮನ್ನ ಇಷ್ಟು ದೂರ ಓಡಾಡಿಸ್ತಾಳೆ ಅಂದ್ರೆ ನಂಗೇ ನಾಚ್ಕೆ.”

“ಓಡಿ ಬಂದಿಲ್ಲ ಕಣಮ್ಮ, ಬಸ್ಸಲ್ಲಿ ಮಲಗಿ ಬಂದೆ” ಎಂದ ಶೀಲಮ್ಮ ಕವನಳತ್ತ ತಿರುಗಿದರು. “ಏನು ಮಾರಾಯ್ತಿ, ಒಂದು ಮಾತು ಹೇಳಕ್ಕೆ ಇಷ್ಟು ಹಟವಾ?”

ಕವನ ನೆಲ ನೋಡುತ್ತ ನಿಂತಿದ್ದಳು. “ಹಟ ಅಲ್ಲ ಮೇಡಂ. ನಮ್ಮನೇಲಿ ಹಾಗೆ ಹೇಳ್ಕೊಳ್ಳಲ್ಲ. ಅಪ್ಪನ್ನೇ ಕೇಳಿ.”

ಧರ್ಮಪ್ಪ ಗಂಭೀರವಾಗಿ ತಲೆಯಾಡಿಸಿದರು. “ಅವಳು ಹೇಳದು ಸರಿ ಐತೆ ಅಮ್ಮಾ. ಕಬ್ಬಿಣ ಚೆನ್ನಾಗಿ ಇಳೀತು ಅಂದ್ರೆ ಸಾಹೇಬ್ರು ಬಂದು ಯಾರು ಮಾಡಿದ್ದು ಅಂತ ಕೇಳೋರು. ನಾವೆಲ್ಲ ಮೇಸ್ತ್ರಿ ಕಡೆ ಕೈ ತೋರಿಸ್ತಿದ್ವಿ. ಮೇಸ್ತ್ರಿ ಅವತ್ತು ರಜಾ ಹಾಕಿದ್ರೂ ಅವರ ಹೆಸರೇ.”

“ರಜಾ ಹಾಕಿದ್ರೂನಾ?” ಶೀಲಮ್ಮನವರಿಗೆ ನಗು ಬಂತು.

“ಹೂಂ ಮತ್ತೆ. ಅದು ಮರ್ಯಾದೆ.”

ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ ಶೀಲಮ್ಮ, ವಿಶೇಷ ಆಲೋಚನೆಯೇನೂ ಇಲ್ಲದೆ, ದಣಿದವರು ಮಾತು ಮುಂದುವರಿಸಲೆಂದು ಕೇಳುವಂತೆ ಕೇಳಿದರು: “ಕೆಟ್ಟು ಹೋದಾಗ?”

“ಕೆಟ್ಟಾಗ ಯಾರು ಕೆಡಿಸಿದ್ರೋ ಅವರೇ ಮುಂದೆ ಬಂದು ಹೇಳಬೇಕು. ಒಂದ್ಸಲ ನಾನು ಕುಲುಮೆ ಬಾಯಿ ತೆಗೆಯೋದು ತಡ ಮಾಡಿ ಕರಗಿದ ಕಬ್ಬಿಣ ತಣ್ಣಗಾಗೋಯ್ತು. ನಾನೇ ಸಾರ್ ಅಂದೆ. ಹೆಂಗಾಯ್ತು, ಯಾಕಾಯ್ತು, ಆಮೇಲೆ ಏನು ಮಾಡ್ದೆ ಅಂತ ಎಲ್ಲಾನೂ ಬಿಡಿಸಿ ಹೇಳ್ದೆ. ಅದನ್ನ ಮೇಸ್ತ್ರಿ ಮೇಲೆ ಹಾಕಿದ್ರೆ ನಾನು ಮನುಷ್ಯನಾ?”

ಶೀಲಮ್ಮ ತಟ್ಟೆಯನ್ನು ಕೆಳಗಿಟ್ಟರು. ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತ್ತು.

“ಕವನಾ, ಸೋಮವಾರ ನೀನು ಮಾಡಿದ್ದು ಏನೂ ಹೇಳಬೇಡ. ಕೆಡಿಸಿದ್ದು ಮಾತ್ರ ಹೇಳು.”

“ಅದನ್ನ ಹೇಳಿದ್ರೆ ಇರೋದೂ ಹೋಗುತ್ತೆ ಮೇಡಂ.”

“ಹೋಗೋದು ಹೇಗೂ ಹೋಗ್ತಾ ಇದೆ. ನಿನ್ನ ತಪ್ಪನ್ನ ನಿಮ್ಮ ಸರ್ ಹೆಸರಿಗೆ ಹಾಕ್ತೀಯಾ?”

“ಅಯ್ಯೋ, ಅದು ಹ್ಯಾಗೆ ಹಾಕ್ಲಿ?”

“ಹಾಗಾದ್ರೆ ಬಾ. ಅಷ್ಟೇ ನಾನು ಕೇಳೋದು.”

ಸೋಮವಾರ ದುರ್ಗಿಗುಡಿಯ ಕಚೇರಿಯಲ್ಲಿ, ಕಂಪ್ಯೂಟರಿನ ಪರದೆಯ ಮುಂದೆ, ಕವನ ಶೀಲಮ್ಮನವರ ಪಕ್ಕದಲ್ಲಿ ಕುಳಿತಳು. ಪರದೆಯ ಆಚೆಗೆ ಸಮಿತಿಯವರಿದ್ದರು, ವಿಷ್ಣುಪ್ರಸಾದರೂ ಇದ್ದರು. ಕೆಲವರು ಮುಖವನ್ನೂ ತೋರಿಸಿರಲಿಲ್ಲ. ಈ ಸಂಶೋಧನೆಯಲ್ಲಿ ನಿಮ್ಮ ಪಾತ್ರವೇನು ಎಂದು ಉಮಾಮಹೇಶ್ವರರು ಕೇಳಿದರು. ಕವನ ಪಕ್ಕಕ್ಕೆ ನೋಡಿದಳು. ಶೀಲಮ್ಮ ನೀರಿನ ಲೋಟವನ್ನು ಅವಳತ್ತ ಸರಿಸಿದರು, ಅಷ್ಟೆ.

“ನಾನು ಕೆಡಿಸಿದ್ದು ಹೇಳ್ತೀನಿ ಸರ್” ಎಂದು ಅವಳು ಶುರುಮಾಡಿದಳು. “ಕಾರ್ಖಾನೆ ಸೈರನ್ ನಿಂತು ಹೋದ್ಮೇಲೂ ನಮ್ಮಪ್ಪ ಅದೇ ಹೊತ್ತಿಗೆ ಏಳ್ತಾರೆ. ಹೊರಗಿನ ಸದ್ದು ನಿಂತ ಮೇಲೆ ಮಿದುಳು ಆ ಹೊತ್ತನ್ನ ಹೇಗೆ ಹಿಡಿದಿಟ್ಕೊಳ್ಳುತ್ತೆ ಅನ್ನೋದು ನನ್ನ ಪ್ರಶ್ನೆ. ಮೊದಲನೇ ಮಾದರಿಯಲ್ಲಿ, ಬೇರೆ ಕೋಶಗಳನ್ನ ಸುಮ್ಮನಿರಿಸಬೇಕಾದ ಕೋಶಗಳನ್ನೇ ಕೆರಳಿಸೋ ಕೋಶಗಳು ಅಂತ ಬರೆದುಬಿಟ್ಟೆ. ಎಲ್ಲಾ ಒಟ್ಟಿಗೆ ಕೂಗಿಕೊಂಡ್ವು. ಅದನ್ನ ಸರಿಮಾಡಿದೆ. ಆಮೇಲೆ ಕೋಶಗಳು ಹೊತ್ತನ್ನ ಚೆನ್ನಾಗಿ ನೆನಪಿಟ್ಕೊಂಡ್ವು. ನನಗೆ ಬಹಳ ಖುಷಿ ಆಯ್ತು. ನೋಡಿದ್ರೆ ಮಾದರಿಯೊಳಗೆ ಸೈರನ್ ನಿಲ್ಲಿಸೋದನ್ನೇ ಮರೆತಿದ್ದೆ ಸರ್.”

ಯಾರೋ ನಕ್ಕರು. ಮುಖ ತೋರಿಸದಿದ್ದವರೊಬ್ಬರು ಪರದೆಯ ಮೇಲೆ ಕಾಣಿಸಿಕೊಂಡು, “ಮರೆತಿದ್ದು ಹೇಗೆ ಗೊತ್ತಾಯ್ತು?” ಎಂದು ಕೇಳಿದರು.

“ನೆನಪು ಅಷ್ಟು ಸರಿಯಾಗಿ ಇರಬಾರದು ಅನ್ನಿಸ್ತು ಸರ್. ಅಪ್ಪ ಕೂಡ ಕೆಲವು ದಿನ ಹಿಂದೆ ಮುಂದೆ ಏಳ್ತಾರೆ.”

ಸೈರನ್ ನಿಲ್ಲಿಸಿದೊಡನೆ ಮಾದರಿ ಎಲ್ಲವನ್ನೂ ಮರೆತದ್ದು, ನಿಧಾನವಾಗಿ ಬದಲಾಗುವ ಕೋಶಗಳನ್ನು ಅದಕ್ಕೆ ಸೇರಿಸಿದ್ದು, ಅಲ್ಲಿಯೂ ಎಡವಿದ್ದು, ಎಡವಿದ್ದನ್ನು ತಿದ್ದಿದ್ದು, ಇದನ್ನೆಲ್ಲ ಅವಳು ತಂದೆಯ ಹಾಗೆಯೇ ಬಿಡಿಸಿ ಹೇಳಿದಳು. ಒಮ್ಮೆಯೂ ತನ್ನನ್ನು ಹೊಗಳಿಕೊಳ್ಳಲಿಲ್ಲ.

ವಿಷ್ಣುಪ್ರಸಾದರು ಕನ್ನಡಕ ತೆಗೆದು ಒರೆಸಿಕೊಂಡರು. “ಈ ಸೈರನ್ ವಿಷಯ ನನಗೇ ಗೊತ್ತಿರಲಿಲ್ಲ. ಇವಳು ಸರಿಮಾಡಿ ತಂದದ್ದನ್ನ ಮಾತ್ರ ನಾನು ನೋಡಿದ್ದು. ಈ ವರದಿಯಲ್ಲಿ ನನ್ನ ಹೆಸರು ಇಷ್ಟು ಕಡೆ ಯಾಕಮ್ಮ ಹಾಕಿದೆ?” ಎಂದರು.

“ರಜಾ ಹಾಕಿದ್ರೂ ಮೇಸ್ತ್ರಿ ಹೆಸರೇ ಹೇಳೋದು ಸರ್, ಇವರ ಮನೇಲಿ” ಎಂದರು ಶೀಲಮ್ಮ. ಮಾತು ಅರ್ಥವಾದದ್ದು ಕವನಳೊಬ್ಬಳಿಗೆ. ಆ ದಿನ ಅವಳು ನಕ್ಕದ್ದು ಆಗಲೇ.

ಅನುದಾನ ಮುಂದುವರಿಯಿತು. ಶೀಲಮ್ಮನವರಿಗೆ ಸಂಭ್ರಮಿಸಲು ಶಕ್ತಿ ಉಳಿದಿರಲಿಲ್ಲ; ಸಮಿತಿ ಮುಂದಿನ ಅಭ್ಯರ್ಥಿಯ ಹೆಸರು ಕೂಗಿಯಾಗಿತ್ತು. ಆ ಶುಕ್ರವಾರ ಅವರು ಮೊದಲ ಭಜನೆ ಮುಗಿಯುವ ಮುನ್ನವೇ ಕಂಬಕ್ಕೆ ಒರಗಿ ನಿದ್ದೆ ಹೋದರು.

ಬಂಧುಗಳೇ, ಅಹಂಕಾರ ಬಿಡಿ ಎಂದು ಈ ಪೀಠದಿಂದ ಎಷ್ಟೋ ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಆದರೆ ವಿನಯವೇ ಪರದೆಯಾಗಿ, ಅದರ ಹಿಂದೆ ಒಂದು ಮಗುವಿನ ದುಡಿಮೆ ಕಾಣದೇ ಹೋಗುವುದು ಭಗವಂತನಿಗೂ ಪ್ರಿಯವಾಗಲಾರದು. ನಿಮ್ಮ ಮನೆಯಲ್ಲಿ, ನಿಮ್ಮ ಕೈಕೆಳಗೆ, ಎಲ್ಲವೂ ಹಿರಿಯರ ಕೃಪೆ ಎಂದು ತಲೆತಗ್ಗಿಸಿ ನಿಲ್ಲುವ ಮಗು ಇದ್ದೀತು. ನಿಮಗೆ ಎಷ್ಟೇ ದಣಿವಾಗಿರಲಿ, ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ನೀನು ಕೆಡಿಸಿದ್ದೇನು, ಆಮೇಲೆ ಏನು ಮಾಡಿದೆ ಎಂದು ಅಕ್ಕರೆಯಿಂದ ಕೇಳಿ. ನೀರಿನ ಲೋಟವನ್ನು ಅದರತ್ತ ಸರಿಸಿ, ಮಾತು ಮುಗಿಯುವ ತನಕ ಕಾಯಿರಿ.