ಟ್ಯಾಂಕರ್ ಗಂಟೆ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಅಡುಗೆಮನೆಯ ಗಡಿಯಾರ ಐದು ನಿಮಿಷ ಮುಂದಿರುತ್ತಿತ್ತು, ಹಾಗಾಗಿ ಎರಡೂ ಐದು ಎಂದೇ ಹೇಳಬೇಕು. ಅಲ್ಲಿಂದ ಮುಂದಿನ ಕಾಲು ಗಂಟೆಯನ್ನು ನಾನು ಇವತ್ತಿಗೂ ನಿಮಿಷ ನಿಮಿಷವಾಗಿ ಎತ್ತಿ ನೋಡುತ್ತಿರುತ್ತೇನೆ. ತಟ್ಟೆ ತೊಳೆಯುತ್ತಿದ್ದೆ. ಮೂಗು ಚುರ್ರೆಂದಿತು. ಬಿಎಸ್ಸಿ ಓದುವಾಗ ಲ್ಯಾಬಿನಲ್ಲಿ ಮೂಸಿದ್ದ ವಾಸನೆ, ಅಮೋನಿಯ. ನಮ್ಮ ಮನೆ ಚರ್ಚಿನ ಅಂಗಳದಲ್ಲೇ; ಚರ್ಚಿನ ಹಿಂಗೋಡೆಯಾಚೆ ಅಮೋನಿಯದಿಂದ ನೀರು ಹೆಪ್ಪುಗಟ್ಟಿಸುವ ಒಂದು ಐಸ್ ಫ್ಯಾಕ್ಟರಿ ಇತ್ತು. ಕಿಟಕಿಯಿಂದ ನೋಡಿದರೆ ಅಲ್ಲಿನ ಕೆಲಸದವರಿಬ್ಬರು ಬಾಯಿಗೆ ಟವೆಲು ಒತ್ತಿಕೊಂಡು ರಸ್ತೆಗೆ ಓಡುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ಮೇಟಗಳ್ಳಿಗೆ ಸ್ವಲ್ಪ ಈಚೆ ಇದ್ದ ಆ ಸಣ್ಣ ಚರ್ಚಿಗೆ ನನ್ನ ಗಂಡ ಪಾದ್ರಿ. ಅದೇ ವಾರ್ಡಿನ ಕಾರ್ಪೊರೇಟರ್ ಕೂಡ. ಯಾವ ಪಕ್ಷಕ್ಕೂ ಸೇರದೆ ನಿಂತು ಗೆದ್ದಿದ್ದರು. ರೇಷನ್ ಕಾರ್ಡಿನವರು, ಚರಂಡಿಯ ದೂರಿನವರು, ಮಗುವಿಗೆ ಪ್ರಾರ್ಥನೆ ಮಾಡಿಸುವವರು ನಮ್ಮ ಮನೆ ಮುಂದಿನ ಒಂದೇ ಬೆಂಚಿನ ಮೇಲೆ ಕಾಯುತ್ತಿದ್ದರು. ಬೇಸಿಗೆಯಲ್ಲಿ ನಲ್ಲಿ ನಿಂತರೆ ಇವರು ಟ್ಯಾಂಕರ್ ತರಿಸಿ ಚರ್ಚಿನ ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಬಂತೆಂದು ಮನೆಮನೆಗೆ ಹೇಳಿ ಸಾಕಾಗಿ, ಚರ್ಚಿನ ಗಂಟೆಯನ್ನು ಮೂರು ಸಲ ಹೊಡೆಸತೊಡಗಿದರು. ಚರ್ಚಿನ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ.

“ಅಯ್ನೋರೇ, ಅದು ಆರಾಧನೆ ಗಂಟೆ. ಕೊಡ ತುಂಬ್ಸೋಕಲ್ಲ.”

“ಬಾಯಾರಿದೋರಿಗೆ ನೀರು ಕೊಡೋದೂ ಆರಾಧನೇನೇ ಕಣ್ರೀ” ಎಂದು ಇವರು ನಕ್ಕುಬಿಟ್ಟರು. ನನಗೂ ಆ ಮಾತು ಹಿಡಿಸಿತ್ತು.

ಆ ಮಧ್ಯಾಹ್ನ ಇವರು ಕಾರ್ಪೊರೇಷನ್ ಮೀಟಿಂಗಿಗೆ ಹೋಗಿದ್ದರು. ಫೈರ್ ಸ್ಟೇಷನ್ನಿಗೆ ಫೋನ್ ಮಾಡಿದೆ. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿ. ಆಮೇಲೆ ಎದುರು ಸಾಲಿನ ಮನೆಗಳಲ್ಲಿ ಉಂಡು ಮಲಗಿದ್ದವರ ನೆನಪಾಯಿತು. ಎಬ್ಬಿಸಬೇಕು. ಸೆರಗು ಒದ್ದೆ ಮಾಡಿ ಮೂಗು ಬಾಯಿಗೆ ಸುತ್ತಿಕೊಂಡು ಹೋಗಿ ಗಂಟೆಯ ಹಗ್ಗ ಹಿಡಿದೆ. ಮೂರು ಸಲವಲ್ಲ, ಬಿಡದೆ ಹೊಡೆದೆ. ಇಷ್ಟು ಹೊಡೆದರೆ ಅಪಾಯವೆಂದು ತಿಳಿಯುತ್ತದೆ, ದೂರ ಓಡುತ್ತಾರೆ ಎಂದುಕೊಂಡೆ.

ಓಡಿದರು. ಕೊಡ ಹಿಡಿದುಕೊಂಡು, ನನ್ನ ಕಡೆಗೆ.

ಆರು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಹೊಡೆತ ಎಣಿಸುವ ವ್ಯವಧಾನ ಯಾರಿಗಿತ್ತು?

“ಏನ್ ಅಯ್ನೋರಮ್ಮ, ಎರಡು ಟ್ಯಾಂಕರ್ ಬಂದಾವಾ? ಇಂಗ್ ಬಾರಿಸ್ತಿದೀರಿ” ಎಂದು ಒಬ್ಬಳು ನಗುತ್ತಲೇ ಗೇಟು ತಳ್ಳಿದಳು. ಗ್ಯಾಸ್ ಲೀಕಾಗಿದೆ, ವಾಪಸ್ ಹೋಗಿ ಎಂದು ಕಿರುಚಿದೆ. ಬಾಯಿಗೆ ಬಟ್ಟೆ ಸುತ್ತಿತ್ತು. ಕೈಬೀಸಿದರೆ ಹಿಂದಿನವಳು, “ಲೈನಾಗಿ ಬರ್ಬೇಕಂತೆ ಕಣ್ರೇ, ನುಗ್ಗಬೇಡಿ” ಎಂದಳು.

ಎದುರುಮನೆಯ ಅಜ್ಜಿ ಅಷ್ಟರಲ್ಲಿ ನನ್ನನ್ನು ದಾಟಿ ಹೋಗಿಬಿಟ್ಟಿದ್ದರು. ಹಣೆಗೆ ವಿಭೂತಿ, ಕಂಕುಳಲ್ಲಿ ಹಿತ್ತಾಳೆ ಕೊಡ. ಉಬ್ಬಸವಿದ್ದರೂ ಟ್ಯಾಂಕರ್ ಬಂದಾಗ ಮೊದಲ ಕೊಡ ಯಾವಾಗಲೂ ಅವರದೇ. ಟ್ಯಾಂಕರ್ ನಿಲ್ಲುತ್ತಿದ್ದುದು ಹಿಂಗೋಡೆಯ ಪಕ್ಕ. ಅಲ್ಲಿ ಏನೂ ಇಲ್ಲದಿದ್ದರೂ ಅಜ್ಜಿ ನೇರವಾಗಿ ಹೋಗಿ ತಮ್ಮ ಜಾಗದಲ್ಲಿ ಕೊಡ ಇಟ್ಟರು.

ಹೊಗೆಯಂಥದ್ದು ಗೋಡೆ ದಾಟಿ ಇಳಿಯಿತು. ಕೆಮ್ಮು ಹತ್ತಿದ ಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಕೊಡ ಬಿಸಾಡಿ ಓಡಿದರು. ಅಜ್ಜಿ ಗೋಡೆಗೊರಗಿ ಕೂತವರು ಏಳಲಿಲ್ಲ. ನಾನೊಬ್ಬಳೇ ಎಳೆದೆನೋ, ಇನ್ಯಾರಾದರೂ ಕೈ ಹಾಕಿದರೋ, ಅದೊಂದು ಮಾತ್ರ ಪ್ರತಿ ಸಲವೂ ಬೇರೆ ಥರ ನೆನಪಾಗುತ್ತದೆ. ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ನೀಲಿಗಟ್ಟಿತ್ತು.

ಫೈರಿನವರು ಬಂದು ಅರ್ಧ ಗಂಟೆಯಲ್ಲಿ ಫ್ಯಾಕ್ಟರಿಯ ವಾಲ್ವು ಮುಚ್ಚಿದರು. ಉಳಿದವರೆಲ್ಲ ಕಣ್ಣು ತೊಳೆದುಕೊಂಡು ಸಂಜೆಗೆ ಸರಿಹೋದರು. ಅಜ್ಜಿಯ ವಿಷಯದಲ್ಲಿ ಮಾತ್ರ ಡಾಕ್ಟರು ಈಗಲೇ ಏನೂ ಹೇಳಲಾಗದು ಎಂದರು.

ಅಲ್ಲಿಗೆ ನನ್ನ ನಿದ್ದೆ ಹೋಯಿತು. “ನಾನಿದ್ದಿದ್ರೂ ಅದೇ ಗಂಟೆ ಹೊಡೀತಿದ್ದೆ” ಎಂದರು ಇವರು. ಅದು ಸುಳ್ಳು. ಇವರು ಬಾಗಿಲು ಬಾಗಿಲಿಗೆ ಹೋಗಿ ತಟ್ಟುತ್ತಿದ್ದರು. ಯಾವ ಮನೆಯಲ್ಲಿ ಯಾರು ಮಲಗಿರುತ್ತಾರೆಂದು ಇವರಿಗೆ ಗೊತ್ತಿತ್ತು. ನನಗೆ ಹಗ್ಗ ಹತ್ತಿರವಿತ್ತು, ಅಷ್ಟೇ. ಗಂಟೆಗೆ ಆಕ್ಷೇಪಣೆ ಮಾಡಿದ್ದ ಹಿರಿಯರು ಬಂದು, ಆ ಮಾತೇ ಎತ್ತದೆ, ನನಗಾಗಿ ಪ್ರಾರ್ಥನೆ ಮಾಡಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಇವರು ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದಾಗ ನಾನು ಬಾಯಲ್ಲಿ ಏನೂ ಕೇಳುತ್ತಿರಲಿಲ್ಲ; ಚಪ್ಪಲಿ ಹೇಗೆ ಬಿಡುತ್ತಾರೆಂದು ನೋಡುತ್ತಿದ್ದೆ.

ಹದಿಮೂರನೆಯ ದಿನ ಅಜ್ಜಿ ಮನೆಗೆ ಬಂದರು. ಸಂಜೆ ಹೋದೆ. ದಿಂಬಿಗೊರಗಿ ಕೂತಿದ್ದರು.

“ಗಂಟೆ ಹೊಡೆದಿದ್ದು ನಾನು” ಎಂದೆ.

“ಗೊತ್ತು ಕಣಮ್ಮ. ಅಲ್ಲ, ಓದ್ದೋಳಲ್ವಾ ನೀನು? ಗಾಳಿ ಎತ್ಲಾಗೆ ಬೀಸ್ತದೆ ಅಂತ ನೋಡ್ಬೇಡ್ವಾ? ಸಾಯ್ಸೇ ಬುಡ್ತಿದ್ದಲ್ಲ ನನ್ನ.”

“ಅತ್ತೆ, ಸುಮ್ನಿರಿ” ಎಂದಳು ಸೊಸೆ.

“ನೀ ಸುಮ್ನಿರು. ಆಸ್ಪತ್ರೇಲಿ ಬಾಯಿಗೆ ಅದೇನೋ ಮುಚ್ಬುಟ್ಟಿದ್ರು, ಬೈಯಕ್ಕೂ ಆಗ್ಲಿಲ್ಲ. ಹದಿಮೂರ್ ದಿನದ್ದು ಅಂಗೇ ಅದೆ.”

ಮತ್ತೆ ಶುರುಮಾಡಿದರು. ನಡುನಡುವೆ ಉಸಿರಿಗಾಗಿ ನಿಲ್ಲಿಸುತ್ತಿದ್ದರು, ಆಗ ನನ್ನ ಉಸಿರೂ ನಿಲ್ಲುತ್ತಿತ್ತು. ಪುನಃ ಬೈಗುಳ ಬರುತ್ತಿತ್ತು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಹೌದು, ಹೌದು ಎನ್ನುತ್ತ ಕೂತಿದ್ದೆ. ಸಾಕಾದ ಮೇಲೆ ಸೊಸೆಗೆ, “ಇವಳಿಗೂ ಕಾಫಿ ಕೊಡು” ಎಂದರು.

ಅದು ಗುರುವಾರ. ಇವರಿಗೆ ಊಟಕ್ಕೆ ಬಡಿಸಿ ಒಂಬತ್ತಕ್ಕೆಲ್ಲ ಮಲಗಿದೆ. ಎಚ್ಚರವಾದಾಗ ಹಾಲಿನವನು ಬಂದು ಹೋಗಿದ್ದ.