ಎಮ್ಮೆ ಗೂಟದಿಂದ ಹನ್ನೆರಡು ಹೆಜ್ಜೆ

ಬಿಂಡಿಗನವಿಲೆಯ ಮುದ್ದಯ್ಯ ನೀರು ನೋಡುವವನು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ಅಡಿಯಲ್ಲಿ ನೀರಿದ್ದ ಕಡೆ ಕಾಯಿ ಎದ್ದು ನಿಲ್ಲುತ್ತದೆ. ನಾಗಮಂಗಲ ಸೀಮೆಯಲ್ಲಿ ಅವನು ತೋರಿಸಿ ಕೊರೆಸಿದ ಬೋರ್‌ವೆಲ್ಲುಗಳು ನಾನೂರ ಹನ್ನೊಂದು. ಒಂದೊಂದರ ಕಥೆಯನ್ನೂ ಹೇಳಿದರೆ ನೀವು ನನ್ನನ್ನು ಸುಳ್ಳುಗಾರ ಎನ್ನುತ್ತೀರಿ. ಒಂದು ಕಡೆ ನೀರು ಎಷ್ಟು ಜೋರಾಗಿ ಚಿಮ್ಮಿತೆಂದರೆ, ಕೊರೆಯುವ ಲಾರಿಯ ಡ್ರೈವರು ಸೀಟಿನ ಸಮೇತ ಮೇಲೆ ಹೋಗಿ, ಇಳಿದು ಬರುವಷ್ಟರಲ್ಲಿ ಅವನ ಮೀಸೆ ನರೆತಿತ್ತು. ಇನ್ನೊಂದು ಕಡೆ ಬಂದ ನೀರು ಎಷ್ಟು ಹಳೆಯದೆಂದರೆ, ಕುಡಿದ ಮುದುಕರೆಲ್ಲ ಎರಡು ದಿನ ಹಳಗನ್ನಡದಲ್ಲೇ ಬೈದಾಡಿಕೊಂಡರು.

ನಾನೂರ ಹನ್ನೆರಡನೆಯದು ಕೈಕೊಟ್ಟಿತು. ಅದು ಸ್ವಂತ ಬೀಗಿತ್ತಿ ಬೈರಮ್ಮನ ಹೊಲ, ಕೆ.ಆರ್. ಪೇಟೆ ಕಡೆಯ ಸಂತೆಬಾಚಹಳ್ಳಿಯಲ್ಲಿ. ಮುದ್ದಯ್ಯನ ಮಗಳು ಪ್ರಮೀಳಾ ಬೈರಮ್ಮನ ಸೊಸೆಯಾಗಿ ಆಗಿನ್ನೂ ಆರು ತಿಂಗಳು. ಒಂಬೈನೂರು ಅಡಿ ಕೊರೆದರೂ ಬಂದದ್ದು ಬಿಳಿ ದೂಳು. ಮೂರು ದಿನ ಆ ಊರಿನ ಕಾಗೆಗಳೆಲ್ಲ ಕೊಕ್ಕರೆಗಳಾಗಿ ಓಡಾಡಿದವು. ಬೈರಮ್ಮ ನೆರೆದವರ ಎದುರಿಗೇ ಒಂದು ಮಾತು ಎಸೆದಳು: "ನಿನ್ ಕೈ ಒಣಗೋಗದೆ ಕಣ್ ಬೀಗ."

ಮುದ್ದಯ್ಯ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಹೊರಟ. ಆದರೆ ಮಾತಿಗೆ ಕಾಲಿತ್ತು. ಅವನಿಗಿಂತ ಮೊದಲೇ ಬಸ್ಸು ಹತ್ತಿ ಬಿಂಡಿಗನವಿಲೆ ಸೇರಿತು. ಎರಡು ವರ್ಷ ಯಾರೂ ಅವನನ್ನು ಹೊಲಕ್ಕೆ ಕರೆಯಲಿಲ್ಲ. ಅದನ್ನು ಅವನು ಸಹಿಸಿದ. ಇಲ್ಲಿ ಶ್ರೀರಂಗಪಟ್ಟಣದಲ್ಲಿ, ಬೈರಮ್ಮನ ಮನೆಯಿರುವ ನಮ್ಮ ಬೀದಿಯಲ್ಲಿ, ಹಾಲು ಒಡೆದರೆ, ಒಲೆ ಆರಿದರೆ, "ಒಣಗಿದ ಕೈಯೋನ ಮಗಳಲ್ವಾ" ಎಂದು ಪ್ರಮೀಳಾ ಕೇಳಿಸಿಕೊಳ್ಳುತ್ತಿದ್ದಳಲ್ಲ, ಅದನ್ನು ಸಹಿಸಲಾರದೆ ಹೋದ. ಆಡಿದ ಬಾಯಿಯಿಂದಲೇ ಆ ಮಾತು ವಾಪಸ್ಸು ಬರಬೇಕು ಎನ್ನುವುದೊಂದೇ ಅವನಿಗೆ ಉಳಿದಿದ್ದ ಆಸೆ.

ಈ ಸಲ ಶ್ರಾವಣದಲ್ಲಿ ಕೊಡಗಿನ ಮೇಲೆ ಮಳೆ ಹುಯ್ಯಿತು. ನಮ್ಮಲ್ಲಿ ಒಂದು ಹನಿಯಿಲ್ಲ, ಹೆಂಗಸರು ಬಿಸಿಲಿಗೆ ಹಪ್ಪಳ ಹರವಿದ್ದರು. ಅಣೆಕಟ್ಟೆಯ ಬಾಗಿಲು ತೆಗೆದಿದ್ದಾರೆ, ಮೇಲಕ್ಕೆ ಹೋಗಿ ಎಂದು ಜೀಪಿನಲ್ಲಿ ಕೂಗಿಕೊಂಡು ಹೋದರು. ಅಂಥ ಬೆಳ್ಳಗಿನ ಬಿಸಿಲಲ್ಲಿ ಕಾವೇರಿ ಸದ್ದೇ ಮಾಡದೆ ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಬೀದಿಯ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಯಾರ ಮನೆ ಎಲ್ಲಿ ಎಂದು ನೆನಪು ಮಾಡಿಕೊಂಡವಳಂತೆ, ಆಮೇಲೆ ಒಂದು ಮನೆಯನ್ನೂ ಬಿಡದೆ ಒಳಗೆ ಹೋದಳು.

ಐದು ದಿನ ಛತ್ರದಲ್ಲಿದ್ದು ಮರಳಿ ಬಂದಾಗ ಬೀದಿ ಇರಲಿಲ್ಲ. ಮೊಣಕಾಲುದ್ದ ಮೆಕ್ಕಲು, ರಾಗಿ ಅಂಬಲಿಯ ಬಣ್ಣ, ಅಷ್ಟೇ ನುಣುಪು. ಅದರಲ್ಲಿ ಮನೆಗಳ ನೆರಳು ತಲೆಕೆಳಗಾಗಿ ಮಲಗಿ, ಎಲ್ಲರಿಗೂ ಮೇಲೊಂದು ಕೆಳಗೊಂದು ಮನೆ. ಕೆಸರು ಸದ್ದನ್ನೂ ನುಂಗುವುದರಿಂದ ಯಾರು ಕೂಗಿದರೂ ಆಚೆ ದಡದಿಂದ ಕೂಗಿದಂತೆ ಕೇಳಿಸುತ್ತಿತ್ತು. ನಮ್ಮ ಗೋಡೆಗಡಿಯಾರದ ಗಾಜಿನೊಳಗೆ ಒಂದು ಬೆರಳುದ್ದದ ಮೀನು ಸೇರಿಕೊಂಡಿತ್ತು. ಅದನ್ನು ಹೊರಗೆ ಬಿಡುವವರೆಗೂ ಆ ಗಡಿಯಾರ ಸರಿಯಾದ ವೇಳೆ ತೋರಿಸಿತು, ಆಮೇಲಿಲ್ಲ.

ಇಷ್ಟು ನೀರಿನ ನಡುವೆ ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಹೊಳೆ ಏರುವ ಹಿಂದಿನ ದಿನ ನಮ್ಮ ವಾಟರ್‌ಮನ್ ಲೋಕೇಶ್, ಕೊಳಕು ನೀರು ಪೈಪಿಗೆ ನುಗ್ಗದಿರಲಿ ಎಂದು ಬೀದಿಯ ವಾಲ್ವು ತಿರುಗಿಸಿ ಮುಚ್ಚಿದ್ದ. ಒಳ್ಳೆಯ ಕೆಲಸ. ಊರಿಗೆಲ್ಲ ನೀರು ಬಿಟ್ಟ ಮೇಲೆ ನಮ್ಮದನ್ನು ತೆಗೆಯಲು ಬಂದರೆ, ವಾಲ್ವಿನ ಕಬ್ಬಿಣದ ಮುಚ್ಚಳ ಮೆಕ್ಕಲಿನಡಿ ಎಲ್ಲೋ ಮಾಯ. ಅವನ ಪುಸ್ತಕದಲ್ಲಿ ಗುರುತು ಬರೆದಿತ್ತು: ಬೈರಮ್ಮನ ಎಮ್ಮೆ ಗೂಟದಿಂದ ಹೊಳೆ ಕಡೆಗೆ ಹನ್ನೆರಡು ಹೆಜ್ಜೆ.

ಗೂಟ ಅಷ್ಟು ಹೊತ್ತಿಗೆ ಮೇಕೆದಾಟು ದಾಟಿ ತಮಿಳು ಕಲಿಯುತ್ತಿತ್ತು.

"ಗುರ್ತು ಮಾಡಕ್ಕೆ ನಿಂಗೆ ನನ್ನೆಮ್ಮೆ ಗೂಟನೇ ಬೇಕಾಗಿತ್ತೇನ್ಲಾ?" ಬೈರಮ್ಮ ಸೊಂಟಕ್ಕೆ ಸೆರಗು ಬಿಗಿದಳು.

"ಇಪ್ಪತ್ತೊರ್ಷದಿಂದ ಅಲ್ಲೇ ಇತ್ತು ಕಣಕ್ಕ. ದೇವಸ್ಥಾನದ ಕಂಬ ಇದ್ದಂಗಿತ್ತು."

"ಬೀದಿಯೆಲ್ಲ ಅಗೀಲಾ ಅಂಗಾರೆ."

"ಹಾರೆ ಏಟಿಗೆ ಪೈಪೇನಾದ್ರೂ ಒಡೆದ್ರೆ ಇನ್ನೊಂದ್ ತಿಂಗ್ಳು ನೀರಿರಕ್ಕಿಲ್ಲ."

ನೀರಿನ ಟ್ಯಾಂಕರು ಕೆಸರಿಗೆ ಹೆದರಿ ಬೀದಿಯ ಬಾಯಲ್ಲೇ ನಿಲ್ಲುತ್ತಿತ್ತು. ಅಲ್ಲಿಂದ ಬಿಂದಿಗೆ ಹೊತ್ತು ತರುವುದರಲ್ಲಿ ಮೂರು ದಿನ ಕಳೆಯಿತು. ಮೂರನೆಯ ದಿನ ಬೈರಮ್ಮನೇ ಉಪಾಯ ತೆಗೆದಳು: ಎಮ್ಮೆಗೆ ತನ್ನ ಜಾಗ ಗೊತ್ತಿರುವುದಿಲ್ಲವೇ? ಕೋಟೆ ಮೇಲೆ ಕಟ್ಟಿದ್ದ ಎಮ್ಮೆಯನ್ನು ಹೊಡೆದುಕೊಂಡು ಬಂದರು. ಬೀದಿಗೆ ಬೀದಿಯೇ ಅದರ ಹಿಂದೆ ನಡೆಯಿತು. ಎಮ್ಮೆ ಗಂಭೀರವಾಗಿ ಅತ್ತ ನೋಡಿತು, ಇತ್ತ ನೋಡಿತು, ಇಡೀ ಬೀದಿಯಲ್ಲಿ ಅತ್ಯಂತ ಆಳವಾದ ಗುಂಡಿ ಆರಿಸಿಕೊಂಡು ಕೊಂಬಿನವರೆಗೆ ಮಲಗಿಬಿಟ್ಟಿತು. ಅದನ್ನು ಎಬ್ಬಿಸಲು ಹೋದ ಇಬ್ಬರನ್ನು ಎಬ್ಬಿಸಲು ಇನ್ನಿಬ್ಬರು ಬೇಕಾದರು.

ಆ ಹೊತ್ತಿಗೆ ಸರಿಯಾಗಿ ಮುದ್ದಯ್ಯ ಬಂದ. ಹೆಗಲ ಮೇಲೆ ಎರಡು ಕ್ಯಾನು ಕೈಪಂಪಿನ ನೀರು. ಬಿಂಡಿಗನವಿಲೆಯಿಂದ ಕಾವೇರಿ ದಂಡೆಗೆ ಕುಡಿಯುವ ನೀರು ಬಸ್ಸಿನಲ್ಲಿ ಬಂದದ್ದು ಅದೇ ಮೊದಲಿರಬೇಕು. ಕಂಡಕ್ಟರು ಎದ್ದು ನಿಂತು ಕ್ಯಾನುಗಳಿಗೆ ಸೀಟು ಕೊಟ್ಟನಂತೆ. ಪ್ರಮೀಳಾ ಒಂದು ಕ್ಯಾನು ಇಳಿಸಿಕೊಂಡು ಮೆಲ್ಲಗೆ, "ಅಪ್ಪ, ಕಾಯಿ ತಂದಿದ್ದೀಯಾ?" ಎಂದಳು. ಚೀಲದಲ್ಲಿತ್ತು. ಎರಡು ವರ್ಷದಿಂದ ಸುಮ್ಮನೆ ಹೊತ್ತು ತಿರುಗುತ್ತಿದ್ದ.

"ಇವ್ನ್ ಕೈಲಾ?" ಬೈರಮ್ಮ ನಕ್ಕಳು. "ನೋಡ್ಲಿ ಬುಡಿ. ಒಣಗಿದ ಕೈ ಒದ್ದೆನಾದ್ರೂ ಆದೀತು."

ಮುದ್ದಯ್ಯನ ಮುಖ ಸಣ್ಣದಾಯಿತು. ಇಲ್ಲೂ ತಪ್ಪಿದರೆ ಆ ಮಾತು ಇನ್ನು ಯಾವ ಕಾಲಕ್ಕೂ ಅಳಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಕಟ್ಟೆ ಮೇಲೆ ಕೂತಿದ್ದ ನಮಗೂ ಗೊತ್ತಿತ್ತು. ಆದರೂ ಕಾಯಿ ತೆಗೆದು ಅಂಗೈ ಮೇಲೆ ಮಲಗಿಸಿದ. ಅದು ತಕ್ಷಣ ನೆಟ್ಟಗೆ ನಿಂತಿತು. ನಾಲ್ಕು ಹೆಜ್ಜೆ ನಡೆದ, ನಿಂತೇ ಇತ್ತು. ಬೀದಿಯ ಆ ತುದಿಗೆ ಹೋಗಿ ಬಂದ, ಕಾಯಿ ಪೊಲೀಸಿನವನ ಹಾಗೆ ಅಟೆನ್ಷನ್. ಎಲ್ಲೆಲ್ಲೂ ನೀರಿರುವಾಗ ಅದಾದರೂ ಯಾವಾಗ ಕೂರಬೇಕು? ಜನ ನಗತೊಡಗಿದರು. ಪ್ರಮೀಳಾ ತಲೆ ತಗ್ಗಿಸಿದಳು.

ಮುದ್ದಯ್ಯ ಕಾಯಿಯನ್ನು ತಂದು ನನ್ನ ಕೈಗಿತ್ತ. "ಒಸಿ ಮಡಿಕಳಿ ಸ್ವಾಮಿ. ಎಲ್ರೂ ಒಂದ್ ಗಳಿಗೆ ಸುಮ್ಕಿರಿ," ಎಂದು ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಕಣ್ಣು ಮುಚ್ಚಿದ.

ಆಮೇಲೆ ನಡೆದದ್ದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ, ನನಗೆ ಅಭ್ಯಾಸವಿಲ್ಲದಿದ್ದರೂ. ಇಳಿಬಿಸಿಲು ಕೆಸರಿನ ಮೇಲೆ ಹಾಸಿತ್ತು. ಮುದ್ದಯ್ಯ ಒಂದು ಕಾಲನ್ನು ನಿಧಾನವಾಗಿ ಇಳಿಸುವನು, ಬೆರಳುಗಳು ತಳ ಮುಟ್ಟುವವರೆಗೆ ಕಾಯುವನು, ಆಮೇಲೆ ಇನ್ನೊಂದು ಕಾಲು. ಮಲಗಿರುವ ಮಗುವಿನ ಪಕ್ಕದಿಂದ ಎದ್ದು ಹೋಗುವವರು ಹಾಗೆ ನಡೆಯುತ್ತಾರೆ. ಅವನ ತಲೆಕೆಳಗಾದ ನೆರಳು ಅಡಿಯಿಂದ ಅವನ ಪಾದಕ್ಕೆ ಪಾದ ಕೊಟ್ಟು ನಡೆಯುತ್ತಿತ್ತು. ಇಬ್ಬರಲ್ಲಿ ಯಾರು ಯಾರನ್ನು ಹೊತ್ತಿದ್ದಾರೋ ತಿಳಿಯುತ್ತಿರಲಿಲ್ಲ. ದಡದಲ್ಲಿ ನಿಂತವರ ಕಣ್ಣೂ ಒಂದೊಂದಾಗಿ ಮುಚ್ಚಿಕೊಂಡವು. ಎಷ್ಟು ಹೊತ್ತಾಯಿತೋ, ನನಗಂತೂ ಹೊಳೆಯ ಕೆಳಗೆ ಇನ್ನೊಂದು ಊರಿನಲ್ಲಿ ಕೂತು ಮೇಲೆ ಯಾರೋ ನಡೆಯುವುದನ್ನು ನೋಡುತ್ತಿದ್ದಂತಿತ್ತು.

ಅವನು ನಿಂತ. ಒಂದು ಕಾಲೆತ್ತಿ ಅಲ್ಲೇ ಮತ್ತೆ ಇಟ್ಟ.

"ಲೋಕೇಶಪ್ಪ, ಈಗ ಪಂಪು ಓಡ್ತಾ ಐತಾ?"

"ಓಡ್ತಾ ಐತೆ."

"ಇಲ್ಲಿ ಕಾವೇರಿ ಬಾಗ್ಲು ತಟ್ತಾ ಅವ್ಳೆ. ಕೈಲೇ ತೆಗೀರಿ, ಹಾರೆ ಬ್ಯಾಡ."

ಲೋಕೇಶ್ ಬೋಗುಣಿಯಲ್ಲಿ ಮೆಕ್ಕಲು ತೋಡಿದ. ಒಂದು ಮೊಳಕ್ಕೆ ಏನಿಲ್ಲ. ಬೈರಮ್ಮ ಗಂಟಲು ಸರಿಮಾಡಿಕೊಂಡಳು. ಏನು ಹೇಳುತ್ತಾಳೆಂದು ನಮಗೆಲ್ಲ ಬಾಯಿಪಾಠ ಇತ್ತು. ಅಷ್ಟರಲ್ಲಿ ಬೋಗುಣಿ ಠಣ್ಣೆಂದಿತು. ಮುಚ್ಚಳ ಮುದ್ದಯ್ಯನ ಎಡಗಾಲಿನ ಹೆಬ್ಬೆರಳ ನೇರಕ್ಕೆ ಇತ್ತು. ಲೋಕೇಶ್ ಅದನ್ನು ಎತ್ತಿ, ತೋಳು ಇಳಿಬಿಟ್ಟು ವಾಲ್ವು ತಿರುಗಿಸಿದ. ಬೀದಿಯ ನಲ್ಲಿಗಳೆಲ್ಲ ಕೆಮ್ಮಿದವು, ಕೆಂಪಗೆ ಉಗುಳಿದವು, ಆಮೇಲೆ ತಿಳಿಯಾದವು.

ಜನ ಬಿಂದಿಗೆಗೆ ಓಡಿದರು. ನಾನು ತೆಂಗಿನಕಾಯಿ ಹಿಡಿದು ಪೆದ್ದನಂತೆ ನಿಂತಿದ್ದೆ. "ಹಾಗಾದರೆ ಇದು?" ಎಂದೆ.

"ಅದು ಜನ ನೋಡಕ್ಕೆ ಸ್ವಾಮಿ. ಮುದ್ಕ ಸುಮ್ನೆ ನಡೆದು ಇಲ್ ನೀರದೆ ಅಂದ್ರೆ ಯಾರ್ ನಂಬ್ತಾರೆ? ಎಲ್ರೂ ಕಾಯಿ ನೋಡ್ತಾ ಇದ್ರೆ ಕಾಲ್ಗೆ ಒಸಿ ಬುಡುವು ಸಿಗ್ತದೆ. ನಂಗೆ ಕೇಳಾದು ಕಾಲ್ಗೆ."

ಬೈರಮ್ಮ ಬಿಂದಿಗೆ ಕೆಳಗಿಟ್ಟಳು. "ಅಂಗಾರೆ ನನ್ನೊಲದಲ್ಲಿ ನಿನ್ ಕಾಲ್ಗೇನು ಕಿವುಡಾಗಿತ್ತಾ?"

ಉತ್ತರ ಪ್ರಮೀಳಾಳಿಂದ ಬಂತು. ಅತ್ತೆಯ ಎದುರು ಅವಳು ದನಿಯೆತ್ತಿದ್ದನ್ನು ನಾವು ಕೇಳಿದ್ದು ಆಗಲೇ. "ಅವತ್ತು ಹೊಲದತ್ರ ಬಂದ ಬೀಗನಿಗೆ ಹೊಸಾ ಎಕ್ಕಡ ಕೊಡ್ಸಿ, ಹಾಕ್ಕಂಡ್ ನಡಿ ಬೀಗ, ಬರಿಗಾಲಲ್ಲಿ ಇದ್ರೆ ನಮ್ ಮರ್ವಾದೆ ಏನಾಯ್ತದೆ ಅಂದೋರು ಯಾರತ್ತೆ? ನಾಕು ಬೆರಳು ದಪ್ಪದ ಅಟ್ಟೆ. ಬಿಚ್ಚಿದ್ರೆ ನಿಮ್ಗೆ ಬೇಜಾರಾಯ್ತದೆ ಅಂತ ಅಪ್ಪ ಅದ್ರಲ್ಲೇ ನಡೆದ. ಏನೂ ಕೇಳ್ದೆ ಎಲ್ಲೋ ಒಂದ್ ಕಡೆ ಬೆರಳು ತೋರ್ಸ್ದ."

"ಸುಮ್ಕಿರು ಮಗ," ಎಂದ ಮುದ್ದಯ್ಯ. "ಕೊಟ್ಟಿದ್ದುನ್ನ ದೂರ್ಬಾರ್ದು."

"ಎರಡೊರ್ಷ!" ಬೈರಮ್ಮ ಹಣೆ ಚಚ್ಚಿಕೊಂಡಳು. "ಎರಡೊರ್ಷ ಬೈಸ್ಕಂಡೇ ಕುಂತಿದ್ದೀಯಲ್ಲೋ ಬೀಗ, ಒಂದ್ಮಾತು ಅಂದಿದ್ರೆ ನಿನ್ ಗಂಟೇನ್ ಓಗ್ತಿತ್ತು?"

ಅವಳು ಒಳಗೆ ಹೋದಳು. ತಾಮ್ರದ ಚೆಂಬು ತೆಗೆದುಕೊಂಡು ಬಂದು ನಲ್ಲಿಗೆ ಹಿಡಿದಳು. ಬೀಗರು ಬಾಗಿಲಿಗೆ ಬಂದಾಗ ಕಾಲಿಗೆ ನೀರು ಕೊಡಲು ಹೊರತೆಗೆಯುವ ಚೆಂಬು. ಸೊಸೆ ಕೈಚಾಚಿದರೂ ಕೊಡದೆ, ಮಂಡಿನೋವಿನವಳು ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತಳು.

ಮುದ್ದಯ್ಯ ನಾಚಿ ಕಾಲು ಹಿಂದಕ್ಕೆಳೆದುಕೊಂಡ. "ಬ್ಯಾಡ ಬೈರಮ್ನೋರೆ, ನಾನೇ ತೊಳ್ಕತೀನಿ."

"ಚಾಚೋ ಸುಮ್ಕೆ. ಕೈ ಒಣಗದೆ ಅಂದಿದ್ದು ನಾನು, ಆ ಮಾತು ಈ ನೀರಲ್ಲೇ ಓಗ್ಲಿ. ಇನ್ಯಾವನಾದ್ರೂ ಅಂಗಂದ್ರೆ ಅವನ ನಾಲ್ಗೆ ಒಣಗ್ಸ್ತೀನಿ." ಬೀದಿಗೆಲ್ಲ ಕೇಳುವಂತೆ ಹೇಳಿ ನೀರು ಹುಯ್ದಳು. ಅವನ ಬೆರಳ ಸಂದಿಯಿಂದ ಕೊಡಗಿನ ಮಣ್ಣು ಇಳಿದು ಹೋಗುತ್ತಿತ್ತು. ಮುದ್ದಯ್ಯ ಕಣ್ಣು ಮುಚ್ಚಿದ್ದ, ನೀರು ಏನೋ ಹೇಳುತ್ತಿದೆ ಎಂಬಂತೆ.

"ಈ ವಾರದಲ್ಲಿ ಸಂತೆಬಾಚಳ್ಳಿಗೆ ಓಗವ," ಎಂದಳು ಬೈರಮ್ಮ, ಇನ್ನೊಂದು ಕಾಲಿಗೆ ಚೆಂಬು ಬಾಗಿಸುತ್ತ. "ನಂಗೂ ಬರಿಗಾಲೇ ಇರ್ಲಿ, ಜೊತೆಗ್ ನಡೀತೀನಿ."