ರೋಬೋಟಿಗೆ ಅಪ್ಪ ಇಟ್ಟ ಪರೀಕ್ಷೆ

ಅಪ್ಪನ ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ತಡ ಮಾಡದೆ ಕೊಯ್ದು ತೆಗೆದರೆ ಬದುಕುತ್ತಾರೆ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದಾಗ ನಾನೂ ಅವ್ವನೂ ಅತ್ತೆವು. ಅಪ್ಪ ಅಳಲಿಲ್ಲ. ರೋಬೋಟ್ ಬಳಸಿ ಆಪರೇಷನ್ ಮಾಡುತ್ತೇವೆ ಎಂದದ್ದೇ ತಡ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಊರಿಗೆ ಹೊರಟೇಬಿಟ್ಟ.

ಇದಕ್ಕೆ ಕಾರಣವಿತ್ತು. ಮಳವಳ್ಳಿ ಕಡೆಯ ನಮ್ಮೂರಲ್ಲಿ ಯುಗಾದಿಯ ಮಾರನೇ ದಿನ ಹೊಸತೊಡಕು. ನಾಲ್ಕಾರು ಮನೆಯವರು ಸೇರಿ ಕುರಿ ಕೊಯ್ದು, ಮಾಂಸವನ್ನು ಬಾಳೆಲೆಯ ಮೇಲೆ ಗುಡ್ಡೆ ಗುಡ್ಡೆ ಮಾಡಿ ಹಂಚಿಕೊಳ್ಳುತ್ತಾರೆ. ಎಲ್ಲ ಗುಡ್ಡೆಗೂ ಎಲ್ಲ ಭಾಗವೂ ಬರಬೇಕು. ಲಿವರಂತೂ ಒಂದು ಚೂರು ಆಚೀಚೆಯಾದರೆ ವರ್ಷವಿಡೀ ಮಾತು ಬಿಡುವ ಮಹಾನುಭಾವರಿದ್ದಾರೆ. ಆದ್ದರಿಂದ ಅದನ್ನು ಕೊಯ್ಯುವ ಕೆಲಸ ಅಪ್ಪನದೇ. ಕೈಗೆ ತಿಳಿಯದೆ ಲಿವರ್ ಕೊಯ್ಯಲಾಗದು ಎಂಬುದು ಅವನ ಸಿದ್ಧಾಂತ. ಕುರಿಗಳ ಮಟ್ಟಿಗೆ ಅದನ್ನು ಯಾರೂ ಪ್ರಶ್ನಿಸಿರಲಿಲ್ಲ.

ಮಗಳು ನಾನು ಬೇಡಿಕೊಂಡೆ, ಬೈದೆ, ಊಟ ಬಿಟ್ಟೆ. ಅವ್ವ ಊಟ ಬಿಡಲಿಲ್ಲ, ಸಾರಿಗೆ ಉಪ್ಪು ಹಾಕುವುದನ್ನು ಬಿಟ್ಟಳು. ಕೊನೆಗೆ ಅಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ. ಆ ಯಂತ್ರ ಮೊದಲು ತನ್ನ ಕಣ್ಣೆದುರು ಒಂದು ಲಿವರನ್ನು ಗುಡ್ಡೆಗೆ ಹಾಕುವಂತೆ ಸಮನಾಗಿ ಕೊಯ್ದು ತೋರಿಸಬೇಕು. ಅಲ್ಲಿಗೆ ಹೋದಮೇಲೆ ಡಾಕ್ಟರ ತಲೆನೋವು ಎಂದುಕೊಂಡು ನಾನು ಹೂಂ ಅಂದೆ.

ಹೊರಟ ದಿನ ಅಪ್ಪನ ತೊಡೆಯ ಮೇಲೊಂದು ಸ್ಟೀಲ್ ಡಬ್ಬಿ ಇತ್ತು. ಇಡ್ಲಿ ಇರಬೇಕೆಂದು ಮದ್ದೂರು ದಾಟಿದ ಮೇಲೆ ಮುಚ್ಚಳ ತೆಗೆದರೆ, ಐಸಿನ ಮೇಲೆ ತಣ್ಣಗೆ ಮಲಗಿದ್ದ ಕುರಿಯ ಲಿವರು. ನನ್ನ ಹಸಿವೇ ಹಾರಿಹೋಯಿತು. ಇದನ್ನು ಇಲ್ಲೇ ಬಿಸಾಕು ಎಂದು ಕೂಗಾಡಿದೆ. ರುಚಿಗೆ ಹೆಸರಾದ ಬಂಡೂರು ಕುರಿಯದನ್ನು ಬಿಸಾಕುವುದುಂಟೇ ಎಂದು ಅವ್ವನೂ ಅವನ ಕಡೆ ಸೇರಿಕೊಂಡಳು.

ಆಸ್ಪತ್ರೆಯ ಬಾಗಿಲಲ್ಲಿ ಸೆಕ್ಯೂರಿಟಿಯವನು ಡಬ್ಬಿ ತೆಗೆಸಿ ನೋಡಿದ. ಲಿವರ್ ವಾರ್ಡಿಗೆ ಹೋಗುವವರ ಕೈಯಲ್ಲಿ ಲಿವರ್ ಕಂಡು ಅವನಿಗೇನೂ ಆಶ್ಚರ್ಯವಾಗಲಿಲ್ಲ. ಸ್ಯಾಂಪಲ್ ಎಲ್ಲ ಕೆಳಗೆ ಲ್ಯಾಬಿಗೆ ಕೊಡಬೇಕು ಎಂದು ದಾರಿ ತೋರಿಸಿದ. ನಾನು ಓಡಿಹೋಗಿ ತಡೆಯುವಷ್ಟರಲ್ಲಿ ಲ್ಯಾಬಿನ ಹುಡುಗಿ ತಲೆ ಎತ್ತದೆ ಪೇಷಂಟಿನ ವಯಸ್ಸು ಕೇಳಿದ್ದಳು. ಕುರಿಯ ವಯಸ್ಸನ್ನು ಹಲ್ಲಿನಲ್ಲಿ ಹೇಳುವುದು ರೂಢಿ. ಅಪ್ಪ ಗಂಭೀರವಾಗಿ, ಎರಡು ಹಲ್ಲು ಅಂದ. ಅವಳು ತಲೆ ಎತ್ತಿದಳು. ಆ ಡಬ್ಬಿ ನಮಗೆ ವಾಪಸು ಬರಲೇ ಇಲ್ಲ.

ಆಪರೇಷನ್ ಮಾಡಬೇಕಿದ್ದ ಡಾಕ್ಟರು ಕಥೆ ಕೇಳಿ ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಸಮಾಧಾನವಾಗಿ ವಿವರಿಸಿದರು. ಯಂತ್ರ ತಾನಾಗಿ ಏನೂ ಕೊಯ್ಯುವುದಿಲ್ಲ. ತಾವೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕೂತು, ಹೊಟ್ಟೆಯ ಒಳಗಿನದನ್ನು ಕ್ಯಾಮೆರಾದಲ್ಲಿ ದೊಡ್ಡದಾಗಿ ನೋಡುತ್ತ ಕೈ ಆಡಿಸಿದಂತೆ ಅದರ ಕೈಗಳೂ ಆಡುತ್ತವೆ. ಮುಂದೆಂದೋ ಅದೇ ಸ್ವಂತವಾಗಿ ಕೊಯ್ಯುವ ಕಾಲ ಬಂದೀತು, ಜಗತ್ತಿನಲ್ಲಿ ಅದಕ್ಕೆ ಪ್ರಯತ್ನವೂ ನಡೆದಿದೆ, ಆದರೆ ಇಲ್ಲಿ ಹಾಗಿಲ್ಲ. ಮೆತ್ತಗಿದೆಯೋ ಗಟ್ಟಿಯಿದೆಯೋ ಎಂದು ಅಲ್ಲಿ ಕೂತ ನಿಮ್ಮ ಕೈಗೆ ತಿಳಿಯುತ್ತದೆಯೇ ಎಂದು ಅಪ್ಪ ಕೇಳಿದ. ಅಷ್ಟಾಗಿ ತಿಳಿಯುವುದಿಲ್ಲ, ಕಣ್ಣಿನಲ್ಲೇ ಅಂದಾಜು ಮಾಡಬೇಕು ಅಂದರು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಈ ಪುಣ್ಯಾತ್ಮನ ಗಂಟೇನು ಹೋಗುತ್ತಿತ್ತು ಎಂದು ನನ್ನ ಮೈ ಉರಿಯಿತು.

ಅಪ್ಪ ಎದ್ದು ನಿಂತ. ಮುಗಿಯಿತು, ಇವನು ಇನ್ನು ಉಳಿಯುವುದಿಲ್ಲ ಎಂದುಕೊಂಡೆ. ಆದರೆ ಅವನು ಹೋಗಲಿಲ್ಲ. ಟವೆಲ್ಲಿನ ತುದಿ ಹಿಡಿದುಕೊಂಡು ನಿಂತೇ ಮಾತಾಡಿದ.

"ಕುರೀದು ಒಂದ್ ಚೂರು ಎಚ್ಚುಕಮ್ಮಿ ಆದ್ರೂ ನಂಗೆ ನಿದ್ದೆ ಬರಕಿಲ್ಲ ಸಾ. ನಾಳೆ ನಾನು ಅಲ್ಲೇ ಓಗ್ಬುಟ್ರೆ ಆ ಮಿಸೀನ್ಗೆ ಏನಾಯ್ತದೆ? ಕುಯ್ಯೋರ್ಗೆ ಒಸಿ ಬಯ ಇರ್ಬೇಕಲ್ವಾ?"

ಇಷ್ಟು ದಿನ ಇವನು ಹಟಮಾರಿ ಅಂದುಕೊಂಡಿದ್ದೆ. ಹೆದರಿದ್ದಾನೆ ಎಂದು ನನಗೆ ಹೊಳೆದೇ ಇರಲಿಲ್ಲ. ಡಾಕ್ಟರು ನಗಲಿಲ್ಲ.

"ನನಗಿದೆ ಯಜಮಾನ್ರೇ," ಅಂದರು. "ಪ್ರತಿ ಸಲಾನೂ ಇರುತ್ತೆ."

ಅಪ್ಪ ಅವರ ಮುಖವನ್ನು ಸಂತೆಯಲ್ಲಿ ಕುರಿ ನೋಡುವಂತೆ ನೋಡಿದ. ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ.

ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರು, ಗಡ್ಡೆ ಪೂರ್ತಿ ಬಂದಿದೆ, ರಕ್ತವೂ ಹೆಚ್ಚು ಹೋಗಿಲ್ಲ ಅಂದರು. ಅವ್ವ ಕೈಮುಗಿದಳು. ನಾನು ಅವರು ತಿರುಗಿ ಹೋಗುವುದನ್ನೇ ನೋಡುತ್ತಿದ್ದೆ. ಹಲ್ಲು ಕಟಕಟಿಸುವ ಆ ಏಸಿಯಲ್ಲಿ ಕೂತು ಬಂದ ಮನುಷ್ಯನ ಬೆನ್ನು ಬೆವರಿನಿಂದ ತೊಯ್ದು ತೊಪ್ಪೆಯಾಗಿತ್ತು.

ಅಪ್ಪನಿಗೆ ಎಚ್ಚರವಾದಾಗ ನಾನು ಗಡ್ಡೆಯ ಸುದ್ದಿಗಿಂತ ಮೊದಲು ಆ ಬೆವರಿನ ಸುದ್ದಿ ಹೇಳಿದೆ. ಒಣಗಿದ ತುಟಿಯಲ್ಲೇ ಅವನಿಗೆ ನಗು ಬಂತು.

"ಎದ್ರುಕೊಂಡವ್ನೆ ಅನ್ನು," ಅಂದ. "ಬುಡವ್ವ, ಅಂಗಾರೆ ನಾನು ಬದುಕ್ಕಂಡೆ."